ಉಗುರುಬಣ್ಣದ ಕಾರು

ಮದುವೆಯಾದ ಎರಡನೆಯ ವರ್ಷ. ಬಸವನ ಬಾಗೇವಾಡಿಯ ಬಾಡಿಗೆ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗಂಡನ ಅಂಗಿಯ ಕಿಸೆಯಲ್ಲಿ ಉಗುರುಬಣ್ಣದ ಬಾಟಲಿಯೊಂದು ಸಿಕ್ಕಿತು. ಕಡುಗೆಂಪು ಬಣ್ಣ. ಅರ್ಧ ಖರ್ಚಾಗಿತ್ತು.

ನಾನು ಉಗುರಿಗೆ ಬಣ್ಣ ಹಚ್ಚುವವಳಲ್ಲ. ಹುಡುಗಿಯರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಬೆರಳಿಗೆ ಹತ್ತುತ್ತಿದ್ದುದು ಹಲಗೆಯ ಮೇಲೆ ಬರೆಯುವ ಖಡುವಿನ ಬಿಳಿಪುಡಿ ಮಾತ್ರ. ಅರ್ಧ ಬಾಟಲಿ ಯಾರ ಬೆರಳಿಗೆ ಹೋಯಿತು? ಬಾಟಲಿಯನ್ನು ಒರೆಸಿ, ಅಂಗಿ ಒಣಗಿದ ಮೇಲೆ ಮತ್ತೆ ಅದೇ ಕಿಸೆಯಲ್ಲಿಟ್ಟು ಗೂಟಕ್ಕೆ ತೂಗುಹಾಕಿದೆ. ಸಂಜೆ ನೋಡಿದರೆ ಅಂಗಿ ಇತ್ತು, ಬಾಟಲಿ ಇರಲಿಲ್ಲ. ಇವರು ಎಂದಿನಂತೆ ಊಟಕ್ಕೆ ಕೂತರು. ನಾನೂ ಕೇಳದೆ ಬಡಿಸಿದೆ.

ಸಂಶಯ ನನಗೆ ತವರಿನಿಂದ ಬಂದ ಬಳುವಳಿ. ಇಂಡಿಯಲ್ಲಿ ನಮ್ಮದು ನಿಂಬೆಯ ತೋಟ. ನನ್ನ ಅವ್ವ ಹಾಲಿನವಳ ಚರಿಗೆಯ ತಳವನ್ನೂ ಬೆರಳಿಂದ ಮುಟ್ಟಿ ನೋಡುವವಳು. ನಿಂಬೆಹಣ್ಣಿನ ವ್ಯಾಪಾರಿ ನಕ್ಕರೆ, "ಯಾಕ ನಕ್ಕಾ ಇಂವಾ?" ಎಂದು ಇಡೀ ದಿನ ಯೋಚಿಸುವವಳು. ಅಂಥವಳ ಮಗಳಿಗೆ ಒಂದು ಬಾಟಲಿ ಸಾಕಿತ್ತು. ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಇವರ ಕೈಚೀಲದಲ್ಲಿ ಚಿಕ್ಕ ಚಿಮಟಿಗೆ, ಹುಬ್ಬಿನ ಕೂದಲು ಕೀಳಲು ಪಟ್ಟಣದ ಹೆಂಗಸರು ಬಳಸುತ್ತಾರಲ್ಲ, ಅಂಥದ್ದು. ಮೈಗೆ ಒಂದು ವಿಚಿತ್ರ ಘಾಟು, ಸಾರಾಯಿಯದಲ್ಲ, ಅತ್ತರಿನದೂ ಅಲ್ಲ. ಬೆರಳ ತುದಿಗೆ ಎಷ್ಟು ತಿಕ್ಕಿದರೂ ಹೋಗದ ಕೆಂಪು.

ಎಲ್ಲಕ್ಕಿಂತ ಹೆಚ್ಚಾಗಿ, ಭಾನುವಾರದ ಸಿಂದಗಿ. ಇವರು ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ನಕ್ಷೆ ಬರೆಯುವವರು. ವಾರವೆಲ್ಲ ಅಲ್ಲಿ ದುಡಿದು ಶನಿವಾರ ಮನೆಗೆ ಬಂದರೆ, ಭಾನುವಾರ ಮುಂಜಾನೆಯ ಬಸ್ಸಿಗೆ, "ಸಿಂದಗಿಯೊಳಗ ಆಫೀಸಿನ ಕೆಲಸ ಐತಿ" ಎಂದು ಹೊರಟುಬಿಡುತ್ತಿದ್ದರು. ಅಣೆಕಟ್ಟು ಇರುವುದು ಆಲಮಟ್ಟಿಯಲ್ಲಿ. ಕೃಷ್ಣೆ ಹರಿಯುವುದೂ ಅಲ್ಲೇ. ಸಿಂದಗಿಯಲ್ಲಿ ಇವರಿಗೆ ಯಾವ ಹೊಳೆ?

ಪೇಟೆಯಲ್ಲಿ ಬಳೆ ಮಾರುವ ಅಮ್ಮನೊಬ್ಬಳಿದ್ದಳು. ನನ್ನ ಮದುವೆಯ ಬಳೆಗಳನ್ನು ಇಂಡಿಗೆ ಬಂದು ಇಡಿಸಿದವಳೂ ಅವಳೇ. ಅವಳ ಅಂಗಡಿಯಲ್ಲಿ ಉಗುರುಬಣ್ಣದ ಬಾಟಲಿಗಳೂ ಇರುತ್ತಿದ್ದವು. ಬಳೆ ನೋಡುವ ನೆವದಿಂದ ಹೋಗಿ ಕೂತೆ.

"ನಮ್ಮ ಮನಿಯವರು ಇಲ್ಲಿ ಬಂದಿದ್ರೇನ್ರಿ?"

"ಬಂದಿದ್ರಲ್ಲರಿ ಅಕ್ಕಾರ! ಬಣ್ಣದ ಬಾಟ್ಲಿ ಒಂದೊಂದ ಎತ್ತಿ ಬಿಸಲಿಗೆ ಹಿಡದು ನೋಡಿದ್ರು. ಇಂಥಾ ಗಂಡಸರನ್ನ ನಾ ನೋಡೇ ಇಲ್ಲ ಬಿಡ್ರಿ. ಹೇಣ್ತಿಗಿ ಬಣ್ಣ ಆರಸಾಕ ಇಷ್ಟೊತ್ತು?" ಅವಳ ಕಣ್ಣು ನನ್ನ ಉಗುರಿನ ಮೇಲೆ ನಿಂತಿತು. ಧ್ವನಿ ಸಣ್ಣದಾಯಿತು. "ಹಚ್ಚಿಲ್ಲಲ್ರಿ? ಎರಡ ಬಾಟ್ಲಿ ಒಯ್ದಾರ."

ಎರಡು. ನನಗೆ ಸಿಕ್ಕಿದ್ದು ಒಂದು.

ಆ ವಾರ ಅವ್ವ ಇಂಡಿಯಿಂದ ಬಂದಿದ್ದಳು. ಹೇಳಬಾರದು ಎಂದುಕೊಂಡರೂ ರೊಟ್ಟಿ ಬಡಿಯುತ್ತ ಕೂತಾಗ ಬಾಯಿಗೆ ಬಂದೇಬಿಟ್ಟಿತು. ಅವ್ವ ಅಳಲಿಲ್ಲ, ಬೈಯಲಿಲ್ಲ. ಹಿಟ್ಟಿನ ಕೈ ಕೊಡವಿಕೊಂಡಳು.

"ಐತವಾರ ನಾವೂ ಹೋಗೂಣು."

"ಎಲ್ಲಿಗಿ?"

"ಸಿಂದಗಿಗಿ. ಹೊಳಿ ಯಾವದೈತಿ ನೋಡಿ ಬರೂಣು."

ಭಾನುವಾರ ಇವರು ಹೊರಟ ಮೇಲೆ ಮುಂದಿನ ಬಸ್ಸನ್ನು ನಾವು ಹಿಡಿದೆವು. ಹೂವಿನ ಹಿಪ್ಪರಗಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಾಯಿತು. ಪರಿಚಯದವರು ಯಾರಾದರೂ ನೋಡಿಯಾರೆಂದು ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದೆ. ಅವ್ವ ಮಾತ್ರ ಬೇವಿನ ಗಿಡದ ಕೆಳಗೆ ಕೂತು, ಗಂಟು ಬಿಚ್ಚಿ, ಶೇಂಗಾ ಚಟ್ನಿ ರೊಟ್ಟಿ ನಿಧಾನಕ್ಕೆ ತಿಂದಳು. "ಜಗಳಕ್ಕ ಖಾಲಿ ಹೊಟ್ಟಿಲೇ ಹೋಗಬಾರದು" ಎಂದು ನನಗೂ ಒಂದು ತುಂಡು ಕೊಟ್ಟಳು. ನಾನು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಸಿಂದಗಿಯ ಬಸ್ ನಿಲ್ದಾಣದ ಚಹಾದಂಗಡಿಯವನನ್ನು ಅವ್ವನೇ ಕೇಳಿದಳು. ಕನ್ನಡಕದವರು, ಎತ್ತರದ ಆಳು, ಬಾಗೇವಾಡಿ ಕಡೆಯಿಂದ ಪ್ರತಿ ಭಾನುವಾರ ಬರುವವರು, ಎಲ್ಲಿಗೆ ಹೋಗುತ್ತಾರೆ?

"ನಕಾಶಿ ಸಾಹೇಬ್ರಾ? ನರ್ಸಬಾಯಾರ ಮನಿಗಿ ಹೋಗ್ತಾರಲ್ಲರಿ" ಎಂದ ಅವನು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. "ಸರಕಾರಿ ದವಾಖಾನಿ ಹಿಂದ. ನೀಲಿ ಬಾಗಲಾ."

ಅವ್ವ ನನ್ನ ಮುಖ ನೋಡಿದಳು.

ನೀಲಿ ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ ಹೆಂಗಸು. ಎತ್ತರದವಳು, ಇಸ್ತ್ರಿ ಮಾಡಿದ ಬಿಳಿ ಸೀರೆ, ಕುಂಕುಮವಿಲ್ಲದ ಹಣೆ. ನಾನು ಮೊದಲು ನೋಡಿದ್ದು ಅವಳ ಕೈ. ಉಗುರುಗಳು ಕತ್ತರಿಸಿ ತೊಳೆದಷ್ಟು ಸ್ವಚ್ಛವಾಗಿದ್ದವು, ಬಣ್ಣವಿರಲಿಲ್ಲ. ಕಾಲಿನ ಬೆರಳಿಗೂ ಇರಲಿಲ್ಲ. ನನ್ನ ಕಣ್ಣು ಎಲ್ಲೆಲ್ಲಿ ಓಡಾಡುತ್ತಿದೆ ಎಂದು ಅವಳು ಗಮನಿಸಿದಳು.

"ಬಾಗೇವಾಡಿಯವರೇನ್ರಿ?"

"ಹೌದ್ರಿ" ಎಂದೆ.

"ಬರ್ರಿ. ಇಂದಲ್ಲ ನಾಳಿ ನೀವು ಬರ್ತೀರಿ ಅಂತ ನನಗ ಗೊತ್ತಿತ್ತು. ಹೇಳ್ರಿ ಮನ್ಯಾಗ, ಹೇಳ್ರಿ ಅಂತ ಬಡಕೊಂಡೆ. ನಿಮ್ಮ ಯಜಮಾನ್ರು ಕೇಳಲಿಲ್ಲ."

ಒಳಗಿನ ಕೋಣೆಯಲ್ಲಿ ಕಿಟಕಿಗೆ ಹೊಂದಿಸಿ ಒಂದು ಮೇಜು. ಅದರ ಒಂದು ಬದಿಗೆ ಮಂಚ. ಮಂಚದ ಮೇಲೆ ದಿಂಬಿಗೆ ಒರಗಿ ಗಡ್ಡದ ಗಂಡಸೊಬ್ಬ ಕೂತಿದ್ದ. ಸೊಂಟದ ಕೆಳಗೆ ಚಾದರ ಹೊದ್ದಿದ್ದ. ಇನ್ನೊಂದು ಬದಿಗೆ ಸ್ಟೂಲಿನ ಮೇಲೆ, ಬರೀ ಬನಿಯನ್ನಿನಲ್ಲಿ, ಹಳೆಯ ಪತ್ರಿಕೆಯ ಮೇಲೆ ಬಗ್ಗಿ ಕೂತವರು ನನ್ನ ಗಂಡ. ಕೈಯಲ್ಲಿ ಚಿಮಟಿಗೆ. ಚಿಮಟಿಗೆಯ ತುದಿಯಲ್ಲಿ ಗೋಧಿಕಾಳಿನಷ್ಟು ಸಣ್ಣ ಕನ್ನಡಿ. ಅವರ ಮುಂದೆ ಅಂಗೈಯಗಲದ ಕಾರು. ಎರಡು ಬಾಗಿಲು, ಚಾವಣಿ ಇಲ್ಲ, ಕಡುಗೆಂಪು, ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಖಾಲಿಯಾದ ಉಗುರುಬಣ್ಣದ ಬಾಟಲಿಗಳು. ಎರಡೂ ಇದ್ದವು.

ನಮ್ಮನ್ನು ಕಂಡು ಇವರು ಎದ್ದ ರಭಸಕ್ಕೆ ಕನ್ನಡಿ ಎಲ್ಲೋ ಹಾರಿತು.

"ನೀ ಇಲ್ಲಿ?"

ನಾನು ಉತ್ತರ ಕೊಡುವ ಮೊದಲೇ ಅವ್ವ ಮೇಜಿನ ಬಳಿ ಹೋಗಿ, ಬಗ್ಗಿ, ಕಾರನ್ನು ಆ ಬದಿ ಈ ಬದಿ ನೋಡಿದಳು. "ಆಟಿಗಿ ಸಾಮಾನಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಹೆಣ್ಣಾಗಿದ್ರ ಬಿಡಸಬಹುದಿತ್ತವಾ. ಇದನ್ನ ಹ್ಯಾಂಗ ಬಿಡಸ್ತೀ?" ಎಂದಳು.

ಮಂಚದ ಮೇಲಿದ್ದವನು ಗಡ್ಡ ಅಲುಗುವಂತೆ ನಕ್ಕ. ನಕ್ಕದ್ದು ಅವನೊಬ್ಬನೇ.

ಅವನು ನರ್ಸಬಾಯಿಯ ಅಣ್ಣ. ಹರೆಯದಲ್ಲಿ ಮುಂಬೈಗೆ ಓಡಿಹೋಗಿ, ಬಂದರಿನಲ್ಲಿ ಮೂಟೆ ಹೊತ್ತು, ಕೊನೆಗೆ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದ. ಯಾವುದೋ ಬಂದರಿನ ಅಂಗಡಿಯಲ್ಲಿ ಈ ಕಾರಿನ ಪೆಟ್ಟಿಗೆಗಳನ್ನು ಕಂಡವನಿಗೆ ಹುಚ್ಚು ಹಿಡಿಯಿತು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟು; ಚೌಕಟ್ಟಿಗೆ ಅಂಟಿಕೊಂಡಂತೆ ಗಾಲಿ, ಬಾಗಿಲು, ಎಂಜಿನ್ನು, ಆಸನ, ಎಲ್ಲವೂ ಬಿಡಿಬಿಡಿ. ಒಂದೊಂದನ್ನೇ ಬ್ಲೇಡಿನಿಂದ ಬಿಡಿಸಿ, ಉಜ್ಜಿ, ಬಣ್ಣ ಹಚ್ಚಿ, ಅಂಟಿಸಿದರೆ ನಿಜವಾದ ಕಾರಿನ ಪಡಿಯಚ್ಚು. ಸಮುದ್ರದ ಮೇಲೆ ಬಿಡುವಿದ್ದಾಗಲೆಲ್ಲ ಕಟ್ಟಿದ. ಆಮೇಲೆ ಎಂಜಿನ್ ಕೋಣೆಯ ಏಣಿಯಿಂದ ಬಿದ್ದು ಸೊಂಟ ಹೋಯಿತು. ಲಾರಿಯಲ್ಲಿ ಮಲಗಿ ಸಿಂದಗಿಯ ತಂಗಿಯ ಮನೆಗೆ ಬರುವಾಗ ಅವನ ಜೊತೆ ಬಂದದ್ದು ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಕಟ್ಟಿದ ಕಾರುಗಳು, ದಾರಿಯಲ್ಲಿ ಕುಲುಕಿ ಮುರಿದವು, ಮತ್ತು ಇನ್ನೂ ಒಡೆಯದ ಕೆಲವು ಪೆಟ್ಟಿಗೆಗಳು. ಕೈಗೂ ನಡುಕ ಬಂದಿದ್ದರಿಂದ ಅವನ್ನು ಒಡೆಯುವ ಧೈರ್ಯ ಅವನಿಗಿರಲಿಲ್ಲ.

ಇವರು ಸರ್ವೆಗೆ ಅತ್ತ ಹೋಗಿದ್ದಾಗ ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿ, ದವಾಖಾನೆಯಲ್ಲಿ ನರ್ಸಬಾಯಿಯ ಕೈಯಿಂದ ಸೂಜಿ ಹಾಕಿಸಿಕೊಂಡರಂತೆ. ನಕ್ಷೆ ಬರೆಯುವವರೆಂದು ತಿಳಿದು, "ನಿಮ್ಮ ಕೈ ಗಟ್ಟಿ ಇರತಾವ. ನಮ್ಮಣ್ಣನ ಒಂದ ಕೆಲಸಾ ಮಾಡಿಕೊಡ್ರಿ" ಎಂದಳಂತೆ ಅವಳು. ಒಂದು ಕೆಲಸ ಇಷ್ಟು ಭಾನುವಾರಗಳಾಯಿತು.

ಇದನ್ನೆಲ್ಲ ಇವರು ಹೇಳಿದ್ದು ತಿರುಗಿ ಬರುವ ಬಸ್ಸಿನಲ್ಲಿ, ಅವ್ವ ಮುಂದಿನ ಸೀಟಿನಲ್ಲಿ ಕಿವಿ ಹಿಂದಕ್ಕಿಟ್ಟು ಕೂತಿದ್ದಾಗ.

"ನನಗ ಯಾಕ ಹೇಳಲಿಲ್ಲ?"

"ಇಷ್ಟ ದೊಡ್ಡ ಗಂಡಸು ಆಟಿಗಿ ಗಾಡಿ ಕಟ್ಟತಾನ ಅಂದ್ರ ಮಂದಿ ನಗ್ತಾರ."

"ಅಂದ್ರ ನನ್ನನ್ನೂ ಮಂದ್ಯಾಗ ಹಿಡದ್ರಿ."

ಅವರು ಕಿಟಕಿಯಾಚೆ ಎರೆಹೊಲ ನೋಡುತ್ತ ಕೂತರು.

ಎಲ್ಲ ತಿಳಿಯಿತಲ್ಲ, ಸಂಶಯ ಹೋಗಿರಬೇಕು ಎಂದು ನೀವು ಭಾವಿಸಬಹುದು. ಹೋಗಲಿಲ್ಲ. ಕಾರು ನಿಜ, ಅಣ್ಣ ನಿಜ. ಆದರೆ ಆ ಇಸ್ತ್ರಿ ಸೀರೆಯೂ ನಿಜವಲ್ಲವೇ? "ಇಂದಲ್ಲ ನಾಳಿ ಬರ್ತೀರಿ ಅಂತ ಗೊತ್ತಿತ್ತು" ಎಂದಳಲ್ಲ, ತಪ್ಪಿಲ್ಲದವಳಿಗೆ ಅದು ಹೇಗೆ ಗೊತ್ತಿರುತ್ತದೆ? ಅವ್ವ ಇಂಡಿಗೆ ಹೊರಡುವಾಗ ಒಂದೇ ಮಾತು ಹೇಳಿದಳು: "ನೀನೂ ಜೋಡಿ ಹೋಗು." ಮುಂದಿನ ಭಾನುವಾರದಿಂದ ನಾನೂ ಜೋಡಿ ಹೋದೆ.

ಮೊದಮೊದಲು ಬಾಗಿಲ ಬಳಿ ಚಾಪೆಯ ಮೇಲೆ ಕೂರುತ್ತಿದ್ದೆ. ಅಲ್ಲಿಂದ ಅಡುಗೆಮನೆ, ಮೇಜು, ಎರಡೂ ಕಾಣುತ್ತಿದ್ದವು. ನರ್ಸಬಾಯಿ ಚಹಾ ತಂದರೆ ಯಾರ ಕಪ್ಪನ್ನು ಮೊದಲು ಇಡುತ್ತಾಳೆ ಎಂದು ನೋಡುತ್ತಿದ್ದೆ. ಅವಳೂ ನನ್ನನ್ನು ಹಾಗೇ ನೋಡುತ್ತಿದ್ದಳು. ನಾನು ಕೂತೆದ್ದ ಜಾಗವನ್ನು ಅವಳ ಕಣ್ಣು ಒಮ್ಮೆ ಗುಡಿಸದೆ ಬಿಡುತ್ತಿರಲಿಲ್ಲ.

ಅಣ್ಣನಿಗೆ ಇದೆಲ್ಲ ತಿಳಿಯುತ್ತಿತ್ತೋ ಏನೋ. ಒಂದು ದಿನ ಕರೆದ.

"ತಂಗೆವ್ವಾ, ಬರೇ ಕಾವಲಾ ಕುಂತ್ರ ಹೊತ್ತು ಹೋಗೂದಿಲ್ಲ. ಇದನ್ನ ತಿಕ್ಕು."

ಬಾಗಿಲಿನ ತುಣುಕೊಂದು, ನೀರಲ್ಲಿ ನೆನೆಸಿದ ಪಾಲಿಶ್ ಕಾಗದದ ಚೂರೊಂದು. ತಿಕ್ಕಿದೆ. ಚೌಕಟ್ಟಿನಿಂದ ಕತ್ತರಿಸಿದ ಕಡೆ ಉಳಿದಿದ್ದ ಗಂಟು ಸವೆದು ಬೆರಳಿಗೆ ನುಣುಪಾಗಿ ಸಿಕ್ಕಾಗ ಏನೋ ಸಮಾಧಾನವೆನಿಸಿತು. ಇನ್ನೊಂದು ಕೊಡಿ ಎಂದು ನಾನೇ ಕೇಳಿದೆ.

ಹೀಗೆ ಕಲಿತೆ. ಉಗುರುಬಣ್ಣವನ್ನು ನೇರವಾಗಿ ಹಚ್ಚಿದರೆ ಪ್ಲಾಸ್ಟಿಕ್ಕು ಸುಕ್ಕುಗಟ್ಟುತ್ತದೆ, ಅಡಿಯಲ್ಲಿ ಬೇರೆ ಬಣ್ಣದ ತೆಳುವಾದ ಲೇಪ ಬೇಕು. ಒಡೆದ ಚೌಕಟ್ಟಿನ ಚೂರುಗಳನ್ನು ಬಣ್ಣ ತೆಳುಮಾಡುವ ತಿನ್ನರಿನಲ್ಲಿ ಕರಗಿಸಿದರೆ ಅದೇ ಅಂಟು. ನನ್ನನ್ನು ಅಷ್ಟು ಕಾಡಿದ ಘಾಟು ಅದರದೇ. ಪ್ಲಾಸ್ಟಿಕ್ ಕಡ್ಡಿಯನ್ನು ಚಿಮಣಿ ದೀಪದ ಉರಿಯ ಮೇಲೆ ತಿರುಗಿಸಿ ಮೆಲ್ಲಗೆ ಎಳೆದರೆ ಕೂದಲೆಳೆಯಂಥ ದಾರ ಬರುತ್ತದೆ, ಅದು ಕಾರಿನ ರೇಡಿಯೋದ ಏರಿಯಲ್ಲು. ನಂಬರಿನ ಚೀಟಿಯನ್ನು ನೀರಲ್ಲಿ ತೇಲಿಸಿ, ಕಾಗದದಿಂದ ಜಾರಿಸಿ ಕೂರಿಸುವ ಕೆಲಸ ನನ್ನದೇ ಆಯಿತು. ಜಾರಿಸುವಾಗ ಉಸಿರು ಬಿಗಿಹಿಡಿಯಬೇಕು. ಆಗ ಮಾತ್ರ ನಾನು ನರ್ಸಬಾಯಿಯ ಕಡೆ ನೋಡುತ್ತಿರಲಿಲ್ಲ.

ಕೆಲಸ ನಡೆಯುತ್ತಿರುವಾಗ ಅಣ್ಣ ಮಾತಾಡುತ್ತಿದ್ದ. ಈ ಗಾಡಿಯನ್ನು ಯಾವ ಬಂದರಿನ ಬೀದಿಯಲ್ಲಿ ನೋಡಿದ್ದೆ, ಅದರಿಂದ ಯಾರು ಇಳಿದರು, ಅವರ ಕೈಯಲ್ಲಿ ಎಂಥ ನಾಯಿ ಇತ್ತು. ಅರ್ಧ ಸುಳ್ಳೇ ಇರಬೇಕು. ಯಾವುದು ಸುಳ್ಳೆಂದು ಹುಡುಕುವುದೂ ನನಗೆ ಒಂದು ಖುಷಿಯಾಗಿತ್ತು.

ಕೆಂಪು ಕಾರಾದ ಮೇಲೆ ಒಂದು ಹಸಿರು ಕಾರಾಯಿತು. ಆಮೇಲೆ ಉಳಿದದ್ದು ಒಂದೇ ಪೆಟ್ಟಿಗೆ. ಕಪ್ಪು ಬಣ್ಣದ ಉದ್ದನೆಯ ಮೋಟಾರು, ಹಳೆಯ ಕಾಲದ್ದು, ಗಾಲಿಗೆ ತಂತಿಯ ಕಡ್ಡಿಗಳಿರುವಂಥದ್ದು. ಅದೂ ಮುಗಿಯುತ್ತ ಬಂತು. ಸ್ಟಿಯರಿಂಗು ಕೂರಿಸಿ ಗಾಜು ಹಚ್ಚಿದರೆ ಆಯಿತು ಎನ್ನುವ ಭಾನುವಾರ, ಸ್ಟಿಯರಿಂಗೇ ಇಲ್ಲ.

ಹಿಂದಿನ ವಾರ ತಿಕ್ಕಿ, ತಟ್ಟೆಯಲ್ಲಿಟ್ಟವಳು ನಾನೇ. ತಟ್ಟೆಯಲ್ಲಿ ಬೇರೆಲ್ಲ ಇತ್ತು. ಇವರು ಮೇಜು ಸರಿಸಿದರು. ನರ್ಸಬಾಯಿ ಹಾಸಿಗೆ ಜಾಡಿಸಿದಳು, ನೆಲಕ್ಕೆ ಒದ್ದೆ ಬಟ್ಟೆ ಒತ್ತಿ ಒತ್ತಿ ಎತ್ತಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಿಮ್ಮ ಚೀಲದಾಗ ಏನರ ಬಿದ್ದೈತೇನು ನೋಡ್ರಿ ಒಂದ ಸಲ."

ಮಾತು ಮೆತ್ತಗಿತ್ತು, ಒಳಗಿನ ಮುಳ್ಳು ಮೆತ್ತಗಿರಲಿಲ್ಲ. ನಾನು ಚೀಲವನ್ನು ಅವಳ ಮುಂದೆಯೇ ಚಾಪೆಯ ಮೇಲೆ ಸುರುವಿದೆ. ಎಲೆಅಡಿಕೆ, ಬಾಚಣಿಗೆ, ಬಸ್ಸಿನ ಚೀಟಿ, ಕರವಸ್ತ್ರ.

"ಸಿಕ್ತೇನ್ರಿ?"

"ನಾ ಹಂಗಂದಿಲ್ರಿ."

"ಹ್ಯಾಂಗಂದ್ರಿ ಮತ್ತ? ಆ ಸಾಮಾನ ತಗೊಂಡು ನಾ ಏನ ಮಾಡ್ಲಿ?"

"ನಿಮಗ ಈ ಮನಿಗಿ ಬರೂದು ಮನಸ್ಸಿಲ್ಲ. ಗಾಡಿ ಹಾಳಾದ್ರ ನಿಮ್ಮ ಯಜಮಾನ್ರೂ ಬರೂದು ಬಿಡ್ತಾರ. ನಿಮಗೂ ಅದ ಬೇಕಲ್ಲ?"

ಇವರು, "ಬೆಕ್ಕು ಒಯ್ದಿರಬೇಕು ಬಿಡ್ರಿ" ಎಂದು ನಡುವೆ ಬಂದರು. ಇಬ್ಬರೂ ಒಟ್ಟಿಗೇ, "ನೀವು ಸುಮ್ಮಕಿರ್ರಿ" ಎಂದೆವು. ಸುರುವಿದ್ದನ್ನೆಲ್ಲ ಸಿಟ್ಟಿನಲ್ಲೇ ಚೀಲಕ್ಕೆ ತುಂಬತೊಡಗಿದೆ. ಆದರೂ ನನ್ನ ಕಣ್ಣು, ಅದರ ಚಾಳಿ ಅದು, ಕೋಣೆಯಲ್ಲಿ ಸುತ್ತುತ್ತಲೇ ಇತ್ತು. ಆಗ ಒಂದು ಕಂಡಿತು. ನಾವೆಲ್ಲ ಹುಡುಕುತ್ತಿದ್ದೆವು. ಒಬ್ಬ ಮಾತ್ರ ಹುಡುಕುತ್ತಿರಲಿಲ್ಲ. ಬಂಪರಿನ ಮೇಲೆ ಒಂದು ಕೂದಲು ಬಿದ್ದರೂ ಕೂಗಾಡುವ ಅಣ್ಣ, ದಿಂಬಿಗೆ ಒರಗಿ ಸೂರು ನೋಡುತ್ತಿದ್ದ. ಅಂಗೈ ಮಾತ್ರ ತಂಬಾಕಿನ ಸುಣ್ಣದ ಡಬ್ಬಿಯ ಮೇಲಿತ್ತು. ಅಂದು ಮುಂಜಾನೆಯಿಂದ ಅವನು ತಂಬಾಕು ಹಾಕಿಕೊಂಡೇ ಇರಲಿಲ್ಲ.

ಅವನೊಬ್ಬನೇ ಉಳಿಯುವವರೆಗೆ ಕಾದೆ. ನರ್ಸಬಾಯಿ ಸಿಟ್ಟಿನಲ್ಲೇ ದವಾಖಾನೆಗೆ ಹೋದಳು. ಇವರು ಪೇಟೆಯಿಂದ ಏನೋ ತರುತ್ತೇನೆಂದು ಹೊರಗೆ ಹೋದರು. ಆಗ ಮಂಚದ ಹತ್ತಿರ ಹೋಗಿ ಕೈ ಚಾಚಿದೆ.

"ಅಣ್ಣಾರ, ಡಬ್ಬಿ ಕೊಡ್ರಿ."

ಅವನು ನನ್ನನ್ನೇ ನೋಡಿದ. ಆಮೇಲೆ ಡಬ್ಬಿ ಕೊಟ್ಟ. ಸುಣ್ಣ ತೆಗೆದು ತೊಳೆದ ಡಬ್ಬಿಯಲ್ಲಿ ಸ್ಟಿಯರಿಂಗು, ಹತ್ತಿಯ ಮೇಲೆ ಮಲಗಿಸಿದಂತೆ ಇತ್ತು.

"ಯಾಕ್ರಿ ಇದು?"

"ಇದು ಕಡೀದು ತಂಗಿ. ಮುಗದ್ರ ನೀವ್ಯಾಕ ಬರ್ತೀರಿ?"

ಅವನು ಹೇಳಿದ್ದು ನಿಜವಿತ್ತು. ಮುಗಿದರೆ ಸಾಕು, ನೀಲಿ ಬಾಗಿಲಿಗೆ ಬರುವುದು ತಪ್ಪುತ್ತದೆ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೆ. ಆದರೆ ಅದು ಅವನ ಬಾಯಿಂದ ಬಂದ ಕೂಡಲೇ, ಹಾಗೆ ಆಗುವುದು ನನಗೆ ಬೇಡವೆನಿಸಿತು. ಮಂಚದ ಕೆಳಗಿನ ಟ್ರಂಕನ್ನು ಎಳೆದೆ. ಹಡಗಿನಲ್ಲಿ ಕಟ್ಟಿದ ಕಾರುಗಳು ಅದರೊಳಗೆ ಒಂದರ ಮೇಲೊಂದು ಬಿದ್ದಿದ್ದವು. ಗಾಲಿಯಿಲ್ಲದವು, ಬಾಗಿಲು ಕಿತ್ತವು, ದಪ್ಪ ಬಣ್ಣ ಬಿರುಕುಬಿಟ್ಟವು.

"ಇವು ಯಾರಿಗಿ ಅದಾವ್ರಿ ಮತ್ತ?"

"ಅವು ಕೆಟ್ಟಾವ."

"ಕೆಟ್ಟಿದ್ದಕ್ಕ ತೆಗದಿನ್ರಿ."

ಸ್ಟಿಯರಿಂಗನ್ನು ಮೇಜಿನ ಕಾಲಿನ ಬಿರುಕಿನಲ್ಲಿ ನಾನೇ ಸಿಕ್ಕಿಸಿ, ಇವರು ಬಂದ ಮೇಲೆ ಅಲ್ಲೇ ಸಿಕ್ಕಿತೆಂದು ಹೇಳಿದೆ. ದವಾಖಾನೆಯಿಂದ ತಿರುಗಿ ಬಂದ ನರ್ಸಬಾಯಿ ನಂಬಲಿಲ್ಲ. ನಂಬಲಿಲ್ಲವೆಂದು ಅವಳ ಮೂಗು ಹೇಳುತ್ತಿತ್ತು. ಆ ಬಿರುಕಿನಲ್ಲಿ ತಾನು ಕಡ್ಡಿ ಹಾಕಿ ನೋಡಿದ್ದೆ ಎಂದಳು. ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು. ಆಮೇಲೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಮೊದಲ ಕಪ್ಪನ್ನು ನನ್ನ ಮುಂದಿಟ್ಟಳು.

ಹಳೆಯ ಕಾರುಗಳನ್ನು ಮತ್ತೆ ಹೊಸದು ಮಾಡುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟ. ಮೊದಲು ಬಣ್ಣ ಬಿಡಿಸಬೇಕು. ಅದಕ್ಕೆ ಲಾರಿ ರಿಪೇರಿಯವನ ಹತ್ತಿರ ಬ್ರೇಕ್ ಆಯಿಲ್ ತಂದು, ಉಪ್ಪಿನಕಾಯಿ ಹಾಕಿದ ಹಾಗೆ ಭರಣಿಯಲ್ಲಿ ಕಾರನ್ನು ಮುಳುಗಿಸಿಡುತ್ತಿದ್ದೆವು. ಕೆಲವು ದಿನಕ್ಕೆ ಬಣ್ಣ ಪೊರೆಯಂತೆ ಸುಲಿದು ಬರುತ್ತಿತ್ತು. ಅಂಟಿದ್ದನ್ನು ಬ್ಲೇಡಿನಿಂದ ಬಿಡಿಸುವಾಗ ಒಂದೊಂದು ಸಲ ಬಾಗಿಲೇ ಮುರಿಯುತ್ತಿತ್ತು. ಕಳೆದುಹೋದ ಗಾಲಿಗಳಿಗೆ ಅಂಗಿಯ ಗುಂಡಿ, ದೀಪಗಳಿಗೆ ನನ್ನ ಹರಿದ ಸರದ ಗಾಜಿನ ಮಣಿ. ಬೇಕಾದ ಸಾಮಾನು ಸಿಗದ ಊರಲ್ಲಿ ಎಲ್ಲವೂ ಸಾಮಾನೇ. ಎರಡು ವರ್ಷ ಹಾಗೆಯೇ ಹೋಯಿತು.

ಆಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲಿಂದ ಸಿಂದಗಿಗೆ ತಾಳಿಕೋಟೆಯ ಮೇಲೆ ಹೋಗಬೇಕು, ಪ್ರತಿ ವಾರ ಆಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ನರ್ಸಬಾಯಿ ತರಬೇತಿಗೆಂದು ಬಿಜಾಪುರಕ್ಕೆ ಹೋಗಬೇಕಾಗಿ ಬಂತು. ಅಣ್ಣನನ್ನು ನೋಡಿಕೊಳ್ಳುವವರಿಲ್ಲ. ನಮ್ಮ ಮನೆಯಲ್ಲಿ ಇರಲಿ ಎಂದು ನಾನೇ ಹೇಳಿದೆ. ಅವಳು ಒಪ್ಪಿದರೂ, ನಾನು ಅವನಿಗೆ ಉಪ್ಪು ಎಷ್ಟು ಹಾಕುತ್ತೇನೆ, ಎಷ್ಟು ಸಲ ಮಗ್ಗುಲು ಬದಲಿಸುತ್ತೇನೆ ಎಂದು ಪರೀಕ್ಷೆ ತೆಗೆದುಕೊಂಡ ಮೇಲೆಯೇ ಒಪ್ಪಿದ್ದು. ಬಿಟ್ಟು ಬರಲು ತಾನೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ಅವನನ್ನು ಒಯ್ಯುವಂತಿರಲಿಲ್ಲ. ಒಂದು ಬಾಡಿಗೆ ಅಂಬಾಸಿಡರ್ ಮಾಡಿದೆವು.

ಇವರೂ ಡ್ರೈವರನೂ ಸೇರಿ ಅಣ್ಣನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕೂತವನು ಮೊದಲು ಸೀಟನ್ನು ಒತ್ತಿ ನೋಡಿದ. ಮುಂದಿನ ಹಲಗೆಯ ಮೇಲೆ ಅಂಗೈ ಆಡಿಸಿದ. ಕಿಟಕಿಯ ಗಾಜಿನ ಹಿಡಿಕೆ ತಿರುವಿದ. ಬಗ್ಗಲಾರದ ಸೊಂಟದಲ್ಲೇ ಬಗ್ಗಿ ಪೆಡಲ್ಲುಗಳನ್ನು ನೋಡಿದ. ಡ್ರೈವರನ ಹುಬ್ಬು ಗಂಟಾಯಿತು.

"ಏನ ನೋಡಾಕತ್ತೀರಿ?"

"ಎಂದೂ ಕಾರಿನ್ಯಾಗ ಕುಂತಿಲ್ಲಪಾ ನಾ" ಎಂದ ಅಣ್ಣ.

ಹಿಂದಿನ ಸೀಟಿನಲ್ಲಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಬಂದರುಗಳು, ಅಷ್ಟು ಬೀದಿಗಳು, ಅಷ್ಟು ಕಾರುಗಳು. ನಾನು ಹಿಡಿಯದೆ ಬಿಟ್ಟ ಸುಳ್ಳು ಅದೊಂದೇ ಇರಬೇಕು; ಸುಳ್ಳೂ ಅಲ್ಲ, ಕಾರಿನಲ್ಲಿ ಕೂತಿದ್ದೆ ಎಂದು ಅವನೇನೂ ಹೇಳಿರಲಿಲ್ಲ, ನಾನೇ ಹಾಗೆಂದುಕೊಂಡಿದ್ದೆ.

ಡ್ರೈವರ ಬಾಗಿಲು ಹಾಕಿದ. ಅಣ್ಣ ಕೈ ಎತ್ತಿ ತಡೆದ. "ಇನ್ನೊಮ್ಮಿ ತಗದು ಹಾಕು."

"ಯಾಕ್ರಿ? ಬರೋಬರಿ ಬಿದ್ದೈತಿ."

"ಇರಲಿ, ಹಾಕು."

ಡ್ರೈವರ ತೆಗೆದು ಹಾಕಿದ. ದಪ್ಪ ತಗಡಿನ ತುಂಬು ಸದ್ದು. ಅಣ್ಣ ಕಣ್ಣು ಮುಚ್ಚಿ ಕೇಳಿದ. "ನಮ್ಮವಕ್ಕ ಈ ಸಪ್ಪಳ ಇಲ್ಲ ನೋಡು ತಂಗಿ" ಎಂದ.

ಡ್ರೈವರನಿಗೆ ನಾವು ಯಾರೋ ಏನೋ ಎಂಬ ಗುಮಾನಿ ಹತ್ತಿತು. ಸುತ್ತು ಹಾಕಿ ಬಂದು ತನ್ನ ಸೀಟಿನಲ್ಲಿ ಕೂತವನು, ಕನ್ನಡಿಯಲ್ಲಿ ನಮ್ಮ ಮೂವರನ್ನೂ ಅಳೆಯುತ್ತ ಕೇಳಿದ, "ಇವ್ರು ಗಾಡಿ ಕೊಳ್ಳಾವ್ರೇನ್ರಿ?"

ಉತ್ತರ ಕೊಟ್ಟದ್ದು ನರ್ಸಬಾಯಿ. "ಇಲ್ಲಪಾ. ಮನ್ಯಾಗ ಇಡಾಕ ಜಾಗಾ ಇಲ್ಲ, ಈಗಾಗ್ಲೇ ಟ್ರಂಕ್ ತುಂಬ ಗಾಡಿ ಅದಾವ."

ಡ್ರೈವರ ಗಾಡಿ ಹೊರಡಿಸಿದ. ತಾಳಿಕೋಟೆ ದಾಟುವವರೆಗೂ ಕನ್ನಡಿಯಿಂದ ಕಣ್ಣು ಮಾತ್ರ ತೆಗೆಯಲಿಲ್ಲ.